ಕಾನಿನ್ ಮನೆಯಿಂದ ಒಬ್ಬ, ಕಟಕೋಳದಿಂದ ಒಬ್ಬ

ಸವದತ್ತಿಯಲ್ಲಿ ಬಸ್ಸು ಬದಲಿಸುವಾಗ ನೀಲಾ ಅರ್ಧ ಸಿಟ್ಟಿನಲ್ಲಿದ್ದಳು. ಮುನವಳ್ಳಿಯಲ್ಲಿ ಇಳಿದು, ತವರುಮನೆಯ ಕಟ್ಟೆಯ ಮೇಲೆ ಹಾಸಿದ್ದ ಜಮಖಾನೆ ಕಂಡ ಮೇಲೆ ಉಳಿದರ್ಧವೂ ತುಂಬಿತು. ಊರಿಗೆಲ್ಲ ಜಮಖಾನೆ ಹಾಸಿದ್ದಾರೆ, ಮನೆಯ ಮಗಳಿಗೆ ಮಾತ್ರ ಒಂದು ಮಾತು ಹೇಳಿಲ್ಲ.

ಹೇಳಿದವನು ಹೆಳವರ ಲಗಮಪ್ಪ. ಮುಂಜಾನೆ ಏಳಕ್ಕೆ ಬೈಲಹೊಂಗಲದ ಅವಳ ಮನೆಗೆ ಫೋನು ಮಾಡಿದ್ದ.

"ಅಕ್ಕಾರ, ಇವತ್ತ ಹನ್ನೊಂದಕ್ಕ ನಿಮ್ಮ ತವರಮನಿ ವಂಶಾ ಓದೂದೈತ್ರಿ. ನಿಮ್ಮಪ್ಪಾರ ಹೆಸರಿನ ಕೆಳಗ ಹೊಸಾ ಹೆಸರ ಹಚ್ಚತಾರಂತ. ನೀವು ಬರತೀರಿ ಹೌದಲ್ರಿ?"

"ನನಗ ಬಾ ಅಂತ ಯಾರ ಹೇಳ್ಯಾರ್ರಿ?"

"ನಾ ಹೇಳಾಕತ್ತೇನಲ್ರಿ ಮತ್ತ. ದೀಪಾವಳಿ ಮುಂದ ನಿಮ್ಮಪ್ಪಾರ ಈ ನಂಬರ ಕೊಟ್ಟಿದ್ರು. ನಾ ಇರಲಿ ಬಿಡಲಿ, ನನ್ನ ಮಗಳನ್ನ ಕರೀದ ವಹಿ ಬಿಚ್ಚಬ್ಯಾಡ ಅಂದಿದ್ರು."

ಫೋನು ಇಟ್ಟ ಮೇಲೆ ನೀಲಾ ಸ್ವಲ್ಪ ಹೊತ್ತು ಒಲೆಯ ಮೇಲಿನ ಹಾಲನ್ನು ನೋಡುತ್ತ ನಿಂತಳು. ಅಪ್ಪ ಹಾಗೆ ಹೇಳಿದ್ದನೇ? ಮೂರು ತಿಂಗಳಿನಿಂದ ಅವಳು ಹಲ್ಲು ಕಚ್ಚಿಕೊಂಡು ಸಿಟ್ಟು ಮಾಡಿಕೊಂಡದ್ದು ಅದೇ ಅಪ್ಪನ ಮೇಲೆ. ಸತ್ತವನ ಮೇಲೆ ಸಿಟ್ಟು ಮಾಡುವುದು ಬಲು ಕಷ್ಟದ ಕೆಲಸ. ಎದುರು ಮಾತಾಡುವವನೇ ಇರುವುದಿಲ್ಲ. ಹಾಲು ಉಕ್ಕಿ ಒಲೆ ನಂದಿತು. ಹೈಸ್ಕೂಲಿಗೆ ಒಂದು ದಿನದ ರಜೆ ಹೇಳಿ, ಮಗಳು ರಾಣಿಯ ಡಬ್ಬಿ ಕಟ್ಟುವ ಕೆಲಸ ಗಂಡನಿಗೆ ಒಪ್ಪಿಸಿ ಹೊರಟಳು.

ಈ ಸೀಮೆಯವರಿಗೆ ಹೆಳವರೆಂದರೆ ಯಾರೆಂದು ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ ಎರಡು ಮಾತು. ಒಕ್ಕಲು ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಇಟ್ಟುಕೊಂಡು ಬಂದವರು ಅವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು, ಲಗಮಪ್ಪ ಮೋಟಾರ್ ಸೈಕಲ್ಲಿನ ಮೇಲೆ ಬರುತ್ತಾನೆ. ಮೂರು ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಬಾಗಿಲ ಮುಂದೆ ನಿಂತು, ಮೂಲಪುರುಷನಿಂದ ಹಿಡಿದು ಇವತ್ತಿನ ಯಜಮಾನನ ತನಕ ಹೆಸರು ಹೆಸರಾಗಿ ಕೂಗುತ್ತಾನೆ. ಹೊಸದಾಗಿ ಹುಟ್ಟಿದ ಗಂಡುಮಕ್ಕಳ ಹೆಸರನ್ನು ವಹಿಯಲ್ಲಿ ಬರೆದುಕೊಳ್ಳುತ್ತಾನೆ. ಮನೆಯ ಹಿರಿಯ ಹೆಂಗಸು ಮೊರದಲ್ಲಿ ಜೋಳ ತಂದು ಅವನ ಬಟ್ಟೆಗೆ ಸುರಿದರೆ ಬರೆದದ್ದು ಖಾಯಂ ಆದ ಹಾಗೆ. ಹೆಣ್ಣುಮಕ್ಕಳ ಹೆಸರು ತವರಿನ ವಹಿಯಲ್ಲಿಲ್ಲ. ಗಂಡನ ಮನೆಯ ವಹಿಯಲ್ಲಾದರೂ ಇದೆಯೇ ಅಂದರೆ ಅಲ್ಲಿಯೂ 'ಮುನವಳ್ಳಿಯಿಂದ ತಂದದ್ದು' ಎಂದಷ್ಟೇ ಇರುತ್ತದೆ, ಬೀಜದ ಜೋಳ ತಂದ ಹಾಗೆ.

ಮತ್ತು ಗಂಡುಮಕ್ಕಳಿಲ್ಲದ ಯಜಮಾನನ ಹೆಸರು ಬಂದಾಗ ಲಗಮಪ್ಪ ದನಿ ಇಳಿಸದೆ, ಅದೇ ರಾಗದಲ್ಲಿ ಕೂಗುತ್ತಾನೆ: "ಉಳವಪ್ಪಾ, ಮುಂದ ಇಲ್ಲ."

ಈ ಎರಡು ಮಾತನ್ನು ನೀಲಾಳ ತಾಯಿ ಚನ್ನವ್ವ ಹನ್ನೆರಡು ಸಲ ಕೇಳಿದ್ದಳು. ಬಾಗಿಲಲ್ಲಿ ಮೊರ ಹಿಡಿದು, ಓಣಿಯ ಮಂದಿಯ ಎದುರಿಗೆ.

ನೀಲಾಳ ಅಪ್ಪ ಉಳವಪ್ಪನದು ಹಿರೇಮನೆ. ಊರಿನ ಯಾವ ಮದುವೆಯಲ್ಲೂ ಮೊದಲ ವೀಳ್ಯ ಈ ಮನೆಯ ಗಂಡಸಿಗೆ. ಮನೆ ನಿಂತುಹೋದರೆ ಆ ವೀಳ್ಯ ಕೆಳಗಿನ ಓಣಿಯ ಬೇರೆ ಮನೆತನಕ್ಕೆ ಹೋಗುತ್ತದೆ. ಎರಡು ಎಲೆ, ಒಂದು ಅಡಿಕೆ. ಅದಕ್ಕಾಗಿ ಊರಲ್ಲಿ ತಲೆ ಒಡೆದುಕೊಂಡದ್ದುಂಟು. ನೀಲಾಳ ಕಾಕಾನ ಮಗ ಬಾಳೇಶ ಈ ವೀಳ್ಯದ ಚಿಂತೆಯಲ್ಲಿ ಬಡವಾಗಿದ್ದ. ಅವನಿಗೂ ಇಬ್ಬರು ಹೆಣ್ಣುಮಕ್ಕಳೇ. ಹೊಲ ಕಾಯಿದೆಯ ಪ್ರಕಾರ ನೀಲಾಳ ಹೆಸರಿಗೆ ಬರುತ್ತದೆ, ಅದಕ್ಕೆ ಯಾರ ತಕರಾರೂ ಇರಲಿಲ್ಲ. ತಕರಾರು ಇದ್ದದ್ದು ವಹಿಯ ಆ ಒಂದು ಸಾಲಿಗೆ.

ಇನ್ನು ಜಪಾನಿನ ಮಾತು. ಅದನ್ನು ಈ ಮನೆಯೊಳಗೆ ತಂದವಳು ನೀಲಾಳೇ.

ಡಿಸೆಂಬರಿನಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದ. ಉಬ್ಬಸ. ನೀಲಾ ಪ್ರತಿ ಶನಿವಾರ ಬಂದು ಭಾನುವಾರ ಸಂಜೆ ಹೋಗುತ್ತಿದ್ದಳು. ಉಳವಪ್ಪನಿಗೆ ರಾಜರ ಕತೆ ಅಂದರೆ ಪ್ರಾಣ. ಯಾವ ದೇಶದ್ದಾದರೂ ನಡೆಯುತ್ತಿತ್ತು. ಒಂದು ಭಾನುವಾರ ಮೊಬೈಲಿನಲ್ಲಿ ಸುದ್ದಿ ಓದಿ ಹೇಳಿದಳು. ಜಪಾನಿನ ಚಕ್ರವರ್ತಿಗೆ ಒಬ್ಬಳೇ ಮಗಳು. ಮಗಳಿಗೆ ಪಟ್ಟ ಇಲ್ಲ. ಅರಮನೆಯಲ್ಲಿ ಗಂಡುಮಕ್ಕಳು ಬೆರಳೆಣಿಕೆಯಷ್ಟು. ಅದಕ್ಕಾಗಿ ಅಲ್ಲಿಯ ಹಿರಿಯರು, ಆರುನೂರು ವರ್ಷದ ಹಿಂದೆ ಕವಲೊಡೆದ ಫುಶಿಮಿ ಎಂಬ ಶಾಖೆಯ ಗಂಡಸರನ್ನು ದತ್ತಕ ತಗೊಂಡರೆ ಹೇಗೆ ಎಂದು ಚರ್ಚಿಸುತ್ತಿದ್ದಾರೆ. ಆ ಶಾಖೆಯವರನ್ನು ಹಿಂದಿನ ಮಹಾಯುದ್ಧ ಮುಗಿದ ಮೇಲೆ ರಾಜಮನೆತನದಿಂದ ತೆಗೆದು ಸಾಮಾನ್ಯ ಮಂದಿಯನ್ನಾಗಿ ಮಾಡಿದ್ದರು. ಈಗ ಅವರ ಮೊಮ್ಮಕ್ಕಳು ಬೇಕಾಗಿದ್ದಾರೆ.

"ಆರನೂರ ವರ್ಷ," ಎಂದ ಉಳವಪ್ಪ. "ಯಾರ ಲೆಕ್ಕಾ ಇಟ್ಟಾರವಾ ಅಲ್ಲಿ? ಹೆಳವರು ಅದಾರೇನು?"

"ಅದಾರಪ್ಪಾ. ಅರಮನ್ಯಾಗ ಆಫೀಸ ಐತಿ ಅದಕ."

"ಎತ್ತಿನ ಮ್ಯಾಲೆ ಬರೂದಿಲ್ಲ ಹಂಗಾರ."

ನಕ್ಕು ನಕ್ಕು ಕೆಮ್ಮು ಬಂತು. ನೀಲಾ ಬೆನ್ನು ಸವರಿದಳು. ಬಾಳೇಶ ಬಾಗಿಲ ಬಳಿ ಕುಂತು ಎಲೆಗೆ ಸುಣ್ಣ ಹಚ್ಚುತ್ತ ಕೇಳುತ್ತಿದ್ದ. ಕತೆ ನಿಲ್ಲಿಸಬಹುದಿತ್ತು. ಆದರೆ ಮೇಷ್ಟ್ರುಗಳಿಗೆ ಅರ್ಧಕ್ಕೆ ನಿಲ್ಲಿಸುವ ಅಭ್ಯಾಸ ಇಲ್ಲ. ಹಿಂದಿನದೂ ಹೇಳಿದಳು. 1779ರಲ್ಲಿ ಅಲ್ಲಿಯ ಚಕ್ರವರ್ತಿ ತರುಣ ವಯಸ್ಸಿನಲ್ಲೇ ಸತ್ತ. ಅವನಿಗೂ ಒಬ್ಬಳೇ ಮಗಳು, ಇನ್ನೂ ವರ್ಷ ತುಂಬದ ಕೂಸು. ಇಂಥ ಹೊತ್ತು ಬಂದೀತೆಂದೇ ಎಪ್ಪತ್ತು ವರ್ಷ ಮೊದಲು ಕಾನಿನ್ ಎಂಬ ಹೊಸ ಶಾಖೆಯೊಂದನ್ನು ಕಟ್ಟಿ ಇಟ್ಟಿದ್ದರು. ಆ ಮನೆಯಿಂದ, ಸನ್ಯಾಸಿಯಾಗಲು ಮಠಕ್ಕೆ ಹೊರಟಿದ್ದ ಎಂಟು ವರ್ಷದ ಹುಡುಗನನ್ನು ಹಿಡಿದು ತಂದರು. ದತ್ತಕದ ವ್ಯವಸ್ಥೆ ಮುಗಿಯುವವರೆಗೂ, ಸುಮಾರು ಹತ್ತು ದಿನ, ಚಕ್ರವರ್ತಿ ಸತ್ತ ಸುದ್ದಿಯನ್ನೇ ಹೊರಗೆ ಬಿಡಲಿಲ್ಲ. ಬದುಕಿದ್ದಾಗಲೇ ದತ್ತಕ ತಗೊಂಡ ಎಂದು ಸಾರಿದರು. ಇವತ್ತಿನ ಚಕ್ರವರ್ತಿ ಆ ಹುಡುಗನ ವಂಶದವನೇ.

ಉಳವಪ್ಪ ಕಣ್ಣು ಮುಚ್ಚಿಕೊಂಡು ಕೇಳಿದ. "ಆ ಕೂಸ ಏನಾತು?"

"ದೊಡ್ಡಾಕಿ ಆದಮ್ಯಾಲ ಅದ ಹುಡುಗಗ ಕೊಟ್ಟು ಲಗ್ನಾ ಮಾಡಿದ್ರು."

"ಅಂದ್ರ ಅಪ್ಪನ ಮನಿಗೆ ಸೊಸಿ ಆಗಿ ಬಂದ್ಲು."

"ಹೂಂ."

ಉಳವಪ್ಪ ಕಣ್ಣು ತೆರೆದು ಹೇಳಿದ: "ಚನ್ನವ್ವಾ, ಕೇಳಿಲ್ಲಿ. ಬಾಳೇಶ, ನೀನೂ ಕೇಳು. ಲಗಮಪ್ಪ ಬಂದಾಗ ನನ್ನ ಕೆಳಗ ಇಕಿ ಹೆಸರ ಬರಸ್ತೇನಿ. ನಾನ ನನ್ನ ಬಾಯಿಲೆ ಹೇಳತೇನಿ. ಇಕಿ ಕೆಳಗ ರಾಣಿ."

ಬಾಳೇಶ ಎಲೆ ಮಡಚಿ ಬಾಯಿಗಿಟ್ಟುಕೊಂಡ.

ಎಂಟು ದಿನದ ಮೇಲೆ, ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ, ನೀಲಾ ಎಂಟನೆಯ ಇಯತ್ತೆಗೆ ಪಾಠ ಮಾಡುವಾಗ ಫೋನು ಬಂತು. ಈಗಷ್ಟೇ ಜೀವ ಹೋಯಿತು, ಬಾ. ನಾಲ್ಕೂವರೆಗೆ ಮುಟ್ಟಿದಳು. ಮೂರನೆಯ ದಿನ ಬಾಳೇಶ ಮೆಲ್ಲಗೆ ಹೇಳಿದ: ದೊಡ್ಡಪ್ಪ ಸೋಮವಾರ ಮುಂಜಾನೆ ಒಂಬತ್ತಕ್ಕೆ ಕಟಕೋಳದ ಮಧುನನ್ನು ಕರೆಸಿ, ತಲೆಯ ಮೇಲೆ ಕೈಯಿಟ್ಟು ಮಗ ಅಂದ. ಕಟಕೋಳದವರೆಂದರೆ ಏಳು ತಲೆಮಾರಿನ ಹಿಂದೆ ಅಣ್ಣತಮ್ಮಂದಿರ ಜಗಳದಲ್ಲಿ ಮುನವಳ್ಳಿ ಬಿಟ್ಟು ಹೋದ ಶಾಖೆ. ಮಧುನನ್ನು ನೀಲಾ ಜನ್ಮದಲ್ಲಿ ನೋಡಿರಲಿಲ್ಲ.

ಅವತ್ತಿನಿಂದ ಅವಳು ಅಪ್ಪನಿಗಾಗಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಎಲ್ಲರ ಮುಂದೆ ಮಾತು ಕೊಟ್ಟವನು ಎಂಟು ದಿನದಲ್ಲಿ ತಿರುಗಿದ. ಕಡೆಗೂ ಅವನೂ ಗಂಡಸೇ.

ಈಗ ಕಟ್ಟೆಯ ಮೇಲೆ ಎಂಟ್ಹತ್ತು ಮಂದಿ ಕುಂತಿದ್ದರು. ನಡುವೆ ಲಗಮಪ್ಪ, ಕೆಂಪು ರುಮಾಲು, ಮುಂದೆ ಬಟ್ಟೆಯಲ್ಲಿ ಸುತ್ತಿದ ವಹಿ. ಪಕ್ಕದಲ್ಲಿ ಬಾಳೇಶ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವನ ಹಿಂದೆ ಇಪ್ಪತ್ತಾರರ ಒಬ್ಬ ತರುಣ, ಉಗುರುಗಳಲ್ಲಿ ಕರಿ ಎಣ್ಣೆ. ಇವನೇ ಮಧು ಇರಬೇಕು, ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನಂತೆ. ನೀಲಾಳನ್ನು ಕಂಡು ಎದ್ದು ನಿಂತವನು ಅವನೊಬ್ಬನೇ.

"ಬರ್ರಿ ಅಕ್ಕಾ," ಎಂದ.

"ನೀ ಯಾರಪಾ ನನ್ನ ಮನಿಗೆ ನನ್ನ ಬರ್ರಿ ಅನ್ನಾವ?"

ಮಧು ಕುಂತ.

ಬಾಳೇಶ ಗಂಟಲು ಸರಿಮಾಡಿಕೊಂಡ. "ನೀಲಾ, ನಿನಗ ಸಾಲಿ ಇರತೈತಿ ಅಂತ ಹೇಳಲಿಲ್ಲವಾ. ಸಿಟ್ಟಾಗಬ್ಯಾಡ. ಒಳಗ ಹೋಗಿ ಚಾ ಕುಡಿ."

"ಚಾ ಬೈಲಹೊಂಗಲದಾಗೂ ಸಿಗತೈತಿ, ಬಾಳೇಶಣ್ಣಾ. ಅದಕ್ಕ ಇಲ್ಲೀತನಕ ಬರಬೇಕಿರಲಿಲ್ಲ."

ಮೂಲೆಯಲ್ಲಿದ್ದ ಭೀಮಶಿ ಬಾಯಿಗೆ ರುಮಾಲು ಒತ್ತಿಕೊಂಡ. ನಗು ತಡೆಯಲೋ, ಕೆಮ್ಮು ತಡೆಯಲೋ ಗೊತ್ತಾಗಲಿಲ್ಲ. ಮಣ್ಣಿನ ಕೆಲಸಕ್ಕೆ, ಹೆಣ ಕೂಡಿಸುವುದಕ್ಕೆ ಓಣಿಯಲ್ಲಿ ಅವನನ್ನೇ ಕರೆಯುವುದು.

ಲಗಮಪ್ಪ ವಹಿ ಬಿಚ್ಚಿದ. ಎದ್ದು ನಿಂತು ಕೂಗಲು ಶುರು ಮಾಡಿದ. ಹೆಸರಿನ ಮೇಲೆ ಹೆಸರು, ಒಂದೊಂದು ಹೆಸರಿಗೂ ಒಂದೊಂದು ಗುರುತು: ಬಾವಿ ತೋಡಿಸಿದವ, ಕುಂಟ ಕುದುರೆಯವ, ಸಾಲು ಬೇವು ಹಚ್ಚಿದವ. ಉಳವಪ್ಪನಿಂದ ಏಳು ತಲೆ ಮೇಲಿನವನ ಹತ್ತಿರ ಬಂದಾಗ, "ತಮ್ಮ ಕಟಕೋಳಕ್ಕ ಹೋದ" ಎಂದು ಕೂಗಿ ಮಧುನ ಕಡೆ ಒಮ್ಮೆ ಕೈ ತೋರಿದ. ಹೆಂಗಸೊಬ್ಬಳ ಹೆಸರೂ ಇರಲಿಲ್ಲ. ಇಷ್ಟೆಲ್ಲ ಗಂಡಸರು ಆಕಾಶದಿಂದ ಉದುರಿದ ಹಾಗೆ ಒಬ್ಬರ ಕೆಳಗೊಬ್ಬರು ಬಂದರು. ನೀಲಾ ಕಂಬಕ್ಕೆ ಆನಿಕೊಂಡು ಕೇಳಿದಳು. ಕಡೆಗೆ ಉಳವಪ್ಪ ಬಂದ. ಲಗಮಪ್ಪ ನಿಲ್ಲಿಸಿ ಕುಂತ, ಪೆನ್ನಿನ ಟೋಪಿ ತೆಗೆದ.

"ಹೇಳ್ರಿ. ಉಳವಪ್ಪನ ಮುಂದ?"

"ಮಧು," ಎಂದ ಬಾಳೇಶ. "ದತ್ತಕ."

"ಮುಂದ ನಾನು," ಎಂದಳು ನೀಲಾ. "ಅಪ್ಪನ ಮಾತೈತಿ. ನಿಮಗೂ ಹೇಳಿದ್ದ ನನ್ನ ಕರೀದ ಬಿಚ್ಚಬ್ಯಾಡ ಅಂತ."

"ಕರದೇನಲ್ರಿ ಅಕ್ಕಾರ." ಲಗಮಪ್ಪ ಸೌಮ್ಯವಾಗಿಯೇ ಹೇಳಿದ. "ಆದ್ರ ಹೆಸರ ಹಚ್ಚೂದ ಬ್ಯಾರೆ. ಅವರ ಕುಂತು ಬಾಯಿಲೆ ಹೇಳಿದ್ರ ನಾ ವಿಚಾರ ಮಾಡಬೇಕಾಗಿತ್ತು. ಈಗ ಅವರ ದತ್ತಕ ತಗೊಂಡಾರ ಅಂತಾರ. ಕಡೀ ಮಾತು ಯಾವುದೋ ಅದ ನಡೀತೈತ್ರಿ."

"ಅಷ್ಟ," ಎಂದ ಬಾಳೇಶ. ಅವನ ದನಿಗೆ ಈಗ ಹುರುಪು ಬಂತು. "ಮತ್ತ ಇದೇನ ನಾವ ಹುಟ್ಟಿಸಿದ್ದಲ್ರಿ. ಜಪಾನದ ಚಕ್ರವರ್ತಿ ಮನ್ಯಾಗ ಹಿಂಗ ಮಾಡ್ತಾರ. ಆರನೂರ ವರ್ಷದ ಹಿಂದ ಹೋದ ಶಾಖಾದವರನ್ನ ಹುಡುಕಿ ತರಾಕತ್ತಾರ ಅವರು. ಅಂಥಾ ಮುಂದವರದ ದೇಶ. ನಮ್ಮ ಕಟಕೋಳದವರು ಹೋಗಿ ಏಳ ತಲಿ ಅಷ್ಟ ಆತು. ನಮ್ಮ ನೀಲಾನ ಹೇಳಿದ್ಲು, ಕೇಳ್ರಿ ಬೇಕಾರ."

ಕಟ್ಟೆಯ ಮಂದಿ ಅವಳ ಕಡೆ ತಿರುಗಿ ಮೆಚ್ಚಿಗೆಯಿಂದ ತಲೆ ಆಡಿಸಿದರು. ನಮ್ಮ ಊರ ಮಗಳು ಎಷ್ಟೆಲ್ಲ ಓದಿಕೊಂಡಿದ್ದಾಳೆ ಅನ್ನುವ ಹಾಗೆ. ಹದಿನಾಲ್ಕು ವರ್ಷ ಪಾಠ ಮಾಡಿದವಳು ನೀಲಾ; ತಪ್ಪು ಅರ್ಥ ಮಾಡಿಕೊಂಡ ಹುಡುಗರನ್ನು ಕಂಡಿದ್ದಾಳೆ. ಪಾಠವನ್ನೇ ಹೊತ್ತುಕೊಂಡು ಹೋಗಿ ಮೇಷ್ಟ್ರ ತಲೆಗೆ ಹೊಡೆದ ವಿದ್ಯಾರ್ಥಿ ಇವನೊಬ್ಬನೇ.

"ನಾ ಹೇಳಿದ್ದು ನಾಚಿಕಿ ಬರಲಿ ಅಂತ, ಬಾಳೇಶಣ್ಣಾ. ನಕಲ ಹೊಡೀಲಿ ಅಂತಲ್ಲ. ಆ ಎಂಟ ವರ್ಷದ ಹುಡುಗನ್ನ ಕೈ ಹಿಡದು ರಾಜಕಾರಣ ಕಲಿಸಿದಾಕಿ ಯಾರ ಗೊತ್ತೇನು? ಅವನಕಿಂತ ಮೊದಲ ಪಟ್ಟದಾಗ ಕುಂತು ಇಳದಿದ್ದ ಒಬ್ಬಾಕಿ ಹೆಣ್ಣರಸಿ. ಅಲ್ಲಿ ಎಂಟ ಮಂದಿ ಹೆಣ್ಣಮಕ್ಕಳು ಆಳ್ಯಾರ. ಅದು ನಿನ್ನ ಕಿವ್ಯಾಗ ಬೀಳಲಿಲ್ಲ. ಮನ್ಯಾಗ ನಿನ್ನ ಎರಡ ಹುಡಿಗ್ಯಾರು ಅದಾವು. ನಾಳೆ ನೀ ಹ್ವಾದಮ್ಯಾಲ ಅವಕ್ಕ ಎಲ್ಲಿಂದ ಅಣ್ಣನ್ನ ತರಸ್ತಿ? ರಾಮದುರ್ಗದಿಂದನೋ, ಕಿತ್ತೂರಿಂದನೋ?"

"ನನ್ನ ಮಕ್ಕಳ ಸುದ್ದಿ ಬ್ಯಾಡ."

"ಯಾಕ ಬ್ಯಾಡ? ಅವಕೂ ಹೆಸರ ಅದಾವು. ನಾ ಇಟ್ಟ ಹೆಸರು."

"ಜಗಳ ಆಮ್ಯಾಲ ಮಾಡ್ರಿ," ಎಂದ ಲಗಮಪ್ಪ, ಹೆಬ್ಬೆರಳಿನಿಂದ ಪುಟ ಹಿಡಿದು. "ನನ್ನ ಪದ್ಧತಿ ಮುಗೀಲಿ. ದತ್ತಕ ಅಂದ್ರ ನಾ ಎರಡ ಮಾತ ಕೇಳಬೇಕು. ನಮ್ಮಪ್ಪ ಕೇಳತಿದ್ದ, ಅವರಪ್ಪ ಕೇಳತಿದ್ದ. ತಮ್ಮಾ ಮಧು, ತಲಿಮ್ಯಾಲ ಕೈ ಇಟ್ಟಾಗ ಏನ ಅಂದ್ರು? ಆ ಮಾತ ಹಂಗ ಬರೀಬೇಕು ನಾ."

ಮಧು ಬಾಳೇಶನ ಮುಖ ನೋಡಿದ. "ಏನೂ ಅನ್ಲಿಲ್ರಿ."

"ಮಾತಾಡೂ ಶಕ್ತಿ ಎಲ್ಲಿತ್ತು," ಎಂದ ಬಾಳೇಶ ಬೇಗ. "ಕೈ ಸನ್ನಿಲೆ ಹೇಳಿದ್ರು."

"ನಾ ಹುಡುಗನ್ನ ಕೇಳಾಕತ್ತೇನಿ."

ಮಧು ಉಗುರಿನ ಎಣ್ಣೆಯನ್ನು ಕೆರೆಯುತ್ತ ಹೇಳಿದ: "ಕೈ ಸನ್ನಿ ನಾ ನೋಡಲಿಲ್ರಿ. ಬಾಳೇಶಣ್ಣ ಅವರ ಕೈ ಎತ್ತಿ ನನ್ನ ತಲಿಮ್ಯಾಲ ಇಟ್ಟ. ತಣ್ಣಗಿತ್ತು. ಚಳಿಗಾಲ, ವಯಸ್ಸಾದವರು, ಹಂಗ ಇರತೈತಿ ಅನಕೊಂಡೆ. ಬೆರಳು ಬಾಗವಲ್ಲವಾಗಿದ್ದವು. ನನ್ನ ಕೂದಲಾಗ ಸಿಕ್ಕಂಡು, ಬಿಡಸಾಕ ಎರಡೂ ಕೈ ಹಚ್ಚಬೇಕಾತು. ಅವತ್ತಿನಿಂದ ನನಗ ಅದರದ ಚಿಂತಿ ಐತ್ರಿ. ಯಾರ ಮುಂದೂ ಹೇಳಿಲ್ಲ."



ನೀಲಾಳ ಕಣ್ಣ ಮುಂದೆ ಆ ಸೋಮವಾರದ ನಾಲ್ಕೂವರೆ ಗಂಟೆ ಬಂದು ನಿಂತಿತು. ಇವರ ಮನೆಗಳಲ್ಲಿ ಸತ್ತವರನ್ನು ಮಲಗಿಸಿ ಇಡುವುದಿಲ್ಲ. ಜೀವ ಹೋದ ಕೂಡಲೇ, ಮೈ ಸೆಟೆಯುವ ಮೊದಲೇ, ಕಾಲು ಮಡಚಿ ಗೋಡೆಗೆ ಆನಿಸಿ ಕೂಡಿಸುತ್ತಾರೆ. ಕುಂತವರನ್ನೇ ಮಣ್ಣಿಗೆ ಒಯ್ಯುತ್ತಾರೆ. ಅವಳು ಮುಟ್ಟಿದಾಗ ಅಪ್ಪ ಇನ್ನೂ ಮಲಗೇ ಇದ್ದ. ಭೀಮಶಿ ಮತ್ತು ಇನ್ನಿಬ್ಬರು ಕಾಲು ಮಡಚಲು ಹೆಣಗುತ್ತಿದ್ದರು. ಕಾಲು ಮಡಚಲಿಲ್ಲ. ಬಿಸಿನೀರು ಹಾಕಿದರು. ಮೊಣಕಾಲಿನಿಂದ ಬಂದ ಆ ಸಪ್ಪಳವನ್ನು ಅವಳು ಜನ್ಮದಲ್ಲಿ ಮರೆಯಲಾರಳು. ಎರಡೂವರೆ ತಾಸಿನಲ್ಲಿ ಇಷ್ಟು ಸೆಟೆಯುತ್ತದೆಯೇ ಎಂದು ಅವಳು ಕೇಳಿರಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

"ಭೀಮಶಿ ಕಾಕಾ," ಎಂದಳು. "ಅವತ್ತ ಕಾಲ ಯಾಕ ಮಡಚಲಿಲ್ಲ?"

ಭೀಮಶಿ ರುಮಾಲನ್ನು ಬಾಯಿಂದ ತೆಗೆದ. "ನಾ ಅವತ್ತ ಕೇಳಿದೆ ತಂಗಿ. ಎಷ್ಟೊತ್ತಾತು ಅಂತ. ನಿನಗ ಹೇಳಿದ ಕೆಲಸ ಮಾಡು ಅಂದ್ರು. ಮಾಡಿದೆ."

ಚನ್ನವ್ವ ಬಾಗಿಲಲ್ಲಿ ಬಂದು ನಿಂತಿದ್ದಳು. ಕೈಯಲ್ಲಿ ಮೊರ, ಮೊರದ ತುಂಬ ಬಿಳಿಜೋಳ, ಮೇಲೊಂದು ತೆಂಗಿನಕಾಯಿ. ಲಗಮಪ್ಪ ಅವಳ ಕಡೆ ತಿರುಗಿದ.

"ತಾಯಿ, ಎರಡನೇ ಮಾತು ನಿಮಗ. ದತ್ತಕ ಆಗೂ ಹೊತ್ತಿನ್ಯಾಗ ಯಜಮಾನರ ಜೀವ ಇತ್ತೇನ್ರಿ?"

"ಇತ್ತು," ಎಂದಳು ಚನ್ನವ್ವ. ಮೊರದೊಳಗಿನ ಜೋಳಕ್ಕೆ ಹೇಳಿದಳು, ಲಗಮಪ್ಪನಿಗಲ್ಲ.

"ನನ್ನ ಕಡೆ ನೋಡಿ ಹೇಳವಾ," ಎಂದಳು ನೀಲಾ. ಒಂದೊಂದೇ ಮೆಟ್ಟಿಲು ಹತ್ತಿ ತಾಯಿಯ ಎದುರು ನಿಂತಳು. "ಮೂರ ತಿಂಗಳ ನಾ ಅಪ್ಪನ್ನ ಸುಳ್ಳಾ ಅಂದೇನಿ. ಅವನ ದಿವಸಕ್ಕ ಬಂದಾಗ ಒಂದ ಹನಿ ಕಣ್ಣೀರ ಹಾಕಲಿಲ್ಲ. ಮಂದಿ ಏನಂದ್ರು ನಿನಗ ಗೊತ್ತೈತಿ, ಕಲ್ಲಮನಸಿನಾಕಿ ಅಂದ್ರು. ನೀನೂ ಕೇಳಕೋತ ಕುಂತಿದ್ದಿ. ಈಗ ನನ್ನ ಮುಖಾ ನೋಡಿ ಹೇಳು. ಒಂಬತ್ತಕ್ಕ ಅಪ್ಪಗ ಜೀವ ಇತ್ತೇನು?"

ಮೊರ ಸ್ವಲ್ಪ ವಾಲಿತು. ನಾಲ್ಕು ಕಾಳು ಮೆಟ್ಟಿಲ ಮೇಲೆ ಉದುರಿದವು.

"ಆರಕ್ಕ ಹ್ವಾದ್ರು," ಎಂದಳು ಚನ್ನವ್ವ.

ಬಾಳೇಶ ಎದ್ದ. "ಏನ ತಪ್ಪಾತು ಅದರಾಗ? ಅವರು ಹತ್ತ ದಿನಾ ಮುಚ್ಚಿಟ್ರು. ನಾವ ಎಂಟ ತಾಸು. ಮನಿತನ ಉಳೀಲಿ ಅಂತ ಮಾಡೇವಿ, ನಮ್ಮ ಹೊಟ್ಟಿಗಲ್ಲ. ಕೈ ಇಟ್ಟಮ್ಯಾಲೂ ಜೀವ ಇತ್ತು ಅಂತ ನಾಕ ಮಂದಿ ಸಾಕ್ಷಿ ಆಗಲಿ ಅಂತ ಎರಡರ ತನಕ ತಡದ್ವಿ. ಮಧು ಬರೂದ ಒಂಬತ್ತ ಆತು, ಯರಗಟ್ಟಿ ಹಾದ್ಯಾಗ ಗಾಡಿ ಪಂಕ್ಚರ ಆಗಿತ್ತು."

ಪಂಕ್ಚರ್ ಅನ್ನುವ ಆ ಮಾತಿಗೆ ನೀಲಾ ತಿರುಗಿದಳು. ಬಾಳೇಶನ ಅಂಗಿಯ ಕಾಲರಿಗೆ ಕೈ ಹೋಯಿತು, ಇಸ್ತ್ರಿಯ ಗೆರೆ ಮುರಿಯಿತು. ಯಾರೋ ಬಿಡಿಸಲು ಬಂದರು. ಅವಳು ತಾನಾಗಿಯೇ ಬಿಟ್ಟಳು. ಹೊಡೆಯುವಷ್ಟು ಸಿಟ್ಟು ದಾಟಿ ಮುಂದೆ ಹೋಗಿತ್ತು ಅದು.

"ಸತ್ತಾವನ ಕೈಯಿಂದ ಅವನ ಮಾತ ಮುರಿಸಿದ್ರಿ," ಎಂದಳು. ದನಿ ಏರಲಿಲ್ಲ. "ಬದುಕಿದ್ದಾಗ ಒಂದ ಮಾತ ಹೇಳಿದ್ದ ಅವ. ಅದನ್ನ ಅವನ ಹೆಣದ ಕೈಲೆ ಅಳಿಸಿದ್ರಿ. ನಾ ಅವನ್ನ ಬೈಕೋತ ಹೋಳಗಿ ಊಟಾ ಮಾಡಿ ಬಸ್ಸ ಹತ್ತಿದೆ."

ಮಧು ಎದ್ದು ಬಂದು ಲಗಮಪ್ಪನ ಮುಂದೆ ನಿಂತ. "ನನ್ನ ಹೆಸರ ಬರೀಬ್ಯಾಡ್ರಿ. ಕಟಕೋಳದ ವಹಿಯಾಗ ಐತಿ, ಅಷ್ಟ ಸಾಕು." ಬಾಳೇಶ ಏನೋ ಅನ್ನಲು ಹೋದ. "ಸುಮ್ನಿರಣ್ಣಾ. ಹೆಣದ ಕೈ ಕೆಳಗ ತಲಿ ಕೊಟ್ಟೇನಿ ಅಂತ ನೀ ಅವತ್ತ ಹೇಳಬೇಕಾಗಿತ್ತು." ಚಪ್ಪಲಿ ಮೆಟ್ಟಿ, ಯಾರಿಗೂ ಹೇಳದೆ, ಗಾಡಿ ಹತ್ತಿ ಹೋದ.

ಲಗಮಪ್ಪ ಪೆನ್ನಿನ ಟೋಪಿ ಹಾಕಿದ. "ಹಂಗಾದ್ರ ದತ್ತಕ ಇಲ್ಲ," ಎಂದ. ಎದ್ದು ನಿಂತ. ಹೆಸರು ಹಚ್ಚದೆ ಹೋದರೆ ಮುಂದಿನ ಪದ್ಧತಿ ಏನೆಂದು ಕಟ್ಟೆಯವರಿಗೆಲ್ಲ ಗೊತ್ತಿತ್ತು. ಬಾಗಿಲಿಗೆ ಮುಖ ಮಾಡಿ, ಅದೇ ರಾಗದಲ್ಲಿ, ಕೂಗಬೇಕು. ಚನ್ನವ್ವ ಮೊರವನ್ನು ಎದೆಗೆ ಒತ್ತಿಕೊಂಡಳು, ಏಟು ಬೀಳುವ ಮೊದಲು ಕೈ ಅಡ್ಡ ಹಿಡಿದ ಹಾಗೆ. "ಉಳವಪ್ಪಾ," ಎಂದು ಎತ್ತಿದ ಲಗಮಪ್ಪ.

ನೀಲಾ ಮೆಟ್ಟಿಲಿಳಿದು ಅವನ ಎದುರು ಬಂದು ನಿಂತಳು. ಬಾಗಿಲು ಅವಳ ಹಿಂದಾಯಿತು.

"ಮುಂದ ಹೇಳ್ರಿ. ನನ್ನ ಕಣ್ಣಾಗ ಕಣ್ಣಿಟ್ಟು ಹೇಳ್ರಿ, ಮುಂದ ಇಲ್ಲ ಅಂತ. ಇಲ್ಲದಾಕಿ ಎಷ್ಟ ಎತ್ತರ ಅದಾಳ ನೋಡಿ ಹೇಳ್ರಿ."

ಲಗಮಪ್ಪನ ಬಾಯಿ ತೆರೆದೇ ಇತ್ತು. ಅರವತ್ತು ದಾಟಿದ ಮನುಷ್ಯ. ನಲವತ್ತು ವರ್ಷದಲ್ಲಿ ನಾಲ್ಕುನೂರು ಬಾಗಿಲ ಮುಂದೆ ಆ ಮಾತು ಕೂಗಿದ್ದ. ಒಳಗಿನ ಹೆಣ್ಣುಮಕ್ಕಳು ಒಳಗೇ ಇರುತ್ತಿದ್ದರು.

"ನನಗ ಆಗೂದಿಲ್ರಿ ಅಕ್ಕಾರ," ಎಂದ. "ಹಚ್ಚಾಕೂ ಆಗೂದಿಲ್ಲ. ನನ್ನ ಮಂದಿ ನನ್ನ ಕೇಳತಾರ."

"ಹಚ್ಚಬ್ಯಾಡ್ರಿ. ಇಲ್ಲ ಅಂತನೂ ಅನಬ್ಯಾಡ್ರಿ. ಮೂರ ವರ್ಷಕ್ಕ ಬರತೀರಲ್ಲ, ನಾ ಇಲ್ಲೇ ನಿಂತಿರತೇನಿ. ಆಮ್ಯಾಲಿನ ಮೂರ ವರ್ಷಕ್ಕೂ ನಿಂತಿರತೇನಿ. ನಾ ಹ್ವಾದ್ರ ರಾಣಿ ನಿಂದರತಾಳ. ಯಾರ ಗಂಟಲು ಮೊದಲ ಸೋಲತೈತಿ ನೋಡೂಣು."

ಲಗಮಪ್ಪ ವಹಿಯನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡ. ಜೋಳ ಕೇಳಲಿಲ್ಲ, ಬಟ್ಟೆ ಹಾಸಲಿಲ್ಲ. ಮಂದಿ ಒಬ್ಬೊಬ್ಬರಾಗಿ ಕರಗಿದರು. ಬಾಳೇಶ ಕಾಲರು ಸರಿಮಾಡಿಕೊಳ್ಳುತ್ತ ಕೆಳಗಿನ ಓಣಿಯ ಕಡೆ ನೋಡಿದ. ಅಲ್ಲಿ ಈ ಹೊತ್ತಿಗೆ ಸುದ್ದಿ ಮುಟ್ಟಿರುತ್ತದೆ. ಹೋಗುವಾಗ, "ವೀಳ್ಯ ಹೋತು," ಎಂದ, ಯಾರಿಗೋ.

"ಹೋಗಲಿ," ಎಂದಳು ನೀಲಾ. "ಬಾಯಿ ಕೆಂಪಾಗಬೇಕಂದ್ರ ಪಾನ್ ಅಂಗಡಿ ಐತಿ."

ತಾಯಿ ಮಗಳು ಉಳಿದರು. ಚನ್ನವ್ವ ಮೊರ ಕೆಳಗಿಟ್ಟು ಹೊಸ್ತಿಲ ಮೇಲೆ ಕುಂತಳು.

"ಹನ್ನೆರಡ ಸಲ ಕೇಳೇನವಾ ಆ ಮಾತು," ಎಂದಳು. "ನನ್ನ ಹೊಟ್ಟಿಗೆ ಹಾಕಿ ಗುದ್ದಿದಂಗ ಆಗತಿತ್ತು. ಹದಿಮೂರನೇ ಸಲ ಬ್ಯಾಡ ಅನಸ್ತು. ಬಾಳೇಶ ಹೇಳಿದ, ಹೂಂ ಅಂದೆ."

"ನಿನ್ನ ಹೊಟ್ಟಿಯಿಂದ ಬಂದಾಕಿ ನಾ. ಲಗ್ನಾ ಆಗೂ ತನಕ ಪ್ರತಿ ಸಲ ನಿನ್ನ ಹಿಂದ ಬಾಗಲ ಸಂದ್ಯಾಗ ನಿಂತು ನಾನೂ ಕೇಳೇನಿ. ನೀ ಒಂದ ಸಲ ಹಿಂದ ತಿರಗಿ ನೋಡಿದ್ರ ಕಾಣಸ್ತಿದ್ದೆ."

ಚನ್ನವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ನೀಲಾಳಿಗೆ ಕರುಣೆ ಬರಬೇಕಿತ್ತು. ಬರಲಿಲ್ಲ. ಬರುವ ದಿನ ಬಂದರೆ ನೋಡೋಣ ಅನ್ನಿಸಿತು.

"ಆರರಿಂದ ಎರಡರ ತನಕ," ಎಂದಳು. "ಎಂಟ ತಾಸ ಆತು. ಅಷ್ಟೊತ್ತು ನಾ ಸಾಲ್ಯಾಗ ಹಾಜರಿ ತಗೊಂಡೆ, ಹುಡುಗೂರ ಕೂಡ ನಕ್ಕೆ, ಡಬ್ಬಿ ಬಿಚ್ಚಿ ಉಂಡೆ. ಅಪ್ಪ ಸತ್ತಿದ್ದ. ಏನ ಮಾಡಿದಿ ನೀ ಅಷ್ಟೊತ್ತು?"

"ಹಾಸಿಗಿ ಕಡೆ ಕುಂತಿದ್ದೆ. ಕಾಲ ಒತ್ತಿದೆ. ಬಾಗಲದಾಗ ಯಾರರೆ ಬಂದು ಇಣುಕಿದ್ರ, ಜೀವ ಐತಿ ಅನಕೊಳ್ಳಲಿ ಅಂತ ಬಾಳೇಶ ಹೇಳಿದ್ದ." ಚನ್ನವ್ವ ತನ್ನ ಅಂಗೈಗಳನ್ನು ನೋಡಿಕೊಂಡಳು. "ಆಮ್ಯಾಲ ಅವ ಹೊರಗ ಹೋದ. ನಾ ಒತ್ತಕೋತನ ಇದ್ದೆ. ಒತ್ತಿದ್ರ ಕಾಲ ಮೆತ್ತಗ ಉಳದಾವು, ಕೂಡಿಸೂ ಮುಂದ ತ್ರಾಸ ಆಗಬಾರದು ಅಂತ. ಉಳೀಲಿಲ್ಲ."

ಬೀದಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಗದ್ದಲ ಮಾಡುತ್ತ ಹೋಯಿತು.

"ವಹಿ ಹಾಳಾಗಿ ಹೋಗಲಿ," ಎಂದಳು ನೀಲಾ. "ಆ ಎಂಟ ತಾಸು ನಂದು. ಅದನ್ನ ಕೊಡು ನನಗ. ಹೆಂಗ ಹ್ವಾದ, ಕಡೀಗೆ ನೀರ ಕುಡದನೋ ಇಲ್ಲೋ, ನನ್ನ ಹೆಸರ ತಗದನೋ ಇಲ್ಲೋ. ಏಳಕ್ಕ ಏನಾತು, ಎಂಟಕ್ಕ ಏನಾತು. ಒಂದೂ ಬಿಡಬ್ಯಾಡ. ಒಂದ ಸುಳ್ಳ ಹೇಳಿದ್ರೂ ನನಗ ಗೊತ್ತಾಗತೈತಿ."

ಚನ್ನವ್ವ ಹೊಸ್ತಿಲ ಮೇಲೆ ಸರಿದು ಪಕ್ಕದಲ್ಲಿ ಜಾಗ ಮಾಡಿದಳು. "ಕುಂದರವಾ. ಹೇಳತೇನಿ."

"ನಿಂತ ಕೇಳತೇನಿ. ಹೇಳು."